ಕ್ಯಾಶಾ, ಇನ್ಶೂರೆನ್ಸಾ?

ಅಮ್ಮನ ಬಲಗಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಈ ಮಳೆಗಾಲ ಕಳೆಯಲಿ, ಈ ಹಬ್ಬ ಮುಗಿಯಲಿ ಎಂದು ಮುಂದೂಡುತ್ತಲೇ ಬಂದಳು. ಅಕ್ಕಿ ಆರಿಸುವಾಗ ಕಲ್ಲು ಕಾಣುತ್ತಿಲ್ಲ ಎಂದು ಫೋನಿನಲ್ಲಿ ಹೇಳಿದ ದಿನ ನಾನು ಸುಮ್ಮನಿರಲಿಲ್ಲ. ರಾತ್ರಿ ಬಸ್ಸು ಹತ್ತಿಸಿ ಕಳಿಸಿ ಎಂದು ಅಪ್ಪನಿಗೆ ಹೇಳಿದೆ. ಅಮ್ಮ ಕುಮಟಾದಿಂದ ಬೆಂಗಳೂರಿಗೆ ಬಂದಳು. ಕಳೆದ ಅಕ್ಟೋಬರ್‌ನಲ್ಲಿ ನಮ್ಮ ಮನೆ ಹತ್ತಿರದ ಒಂದು ಖಾಸಗಿ ಕಣ್ಣಾಸ್ಪತ್ರೆಗೆ ಹೋದೆವು. ತಪಾಸಣೆ ಚೆನ್ನಾಗಿ ಆಯಿತು. ಡಾಕ್ಟರ್ ಸಮಾಧಾನದಿಂದ ಮಾತಾಡಿದರು, ಯಾವ ಲೆನ್ಸ್ ಸಾಕು ಎಂದು ಅವರೇ ಬರೆದುಕೊಟ್ಟರು. ಚೀಟಿ ಹಿಡಿದು ಕೌಂಟರಿಗೆ ಹೋಗಿ ಎಷ್ಟಾಗುತ್ತೆ ಎಂದು ಕೇಳಿದೆ. ಅಲ್ಲಿದ್ದ ಹುಡುಗಿ ಚೀಟಿ ನೋಡಿ ಕೇಳಿದಳು: "ಕ್ಯಾಶಾ, ಇನ್ಶೂರೆನ್ಸಾ ಮೇಡಂ?"

ಎರಡಕ್ಕೂ ಬೇರೆ ಬೇರೆ ರೇಟು ಇದೆಯಾ ಎಂದೆ. "ಪ್ಯಾಕೇಜ್ ಬೇರೆ ಬರುತ್ತೆ ಮೇಡಂ" ಎಂದಳು. ಅವಳ ದನಿಯಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ತರಕಾರಿ ಅಂಗಡಿಯಲ್ಲಿ ಕಾಲು ಕೇಜಿಯಾ, ಅರ್ಧ ಕೇಜಿಯಾ ಎಂದು ಕೇಳಿದ ಹಾಗಿತ್ತು. ಕ್ಯಾಶ್ ಆದರೆ 38 ಸಾವಿರ. ಇನ್ಶೂರೆನ್ಸ್ ಆದರೆ 54 ಸಾವಿರ. ಅದೇ ಡಾಕ್ಟರ್, ಅದೇ ಲೆನ್ಸ್, ಅದೇ ಅರ್ಧ ಗಂಟೆ. ವಾಪಸ್ ಬರುವಾಗ ಆಟೋದಲ್ಲಿ ಅಮ್ಮನಿಗೆ ಹೇಳಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು ಕೇಳಿದಳು, "ಕಣ್ಣು ಒಂದೇ ಅಲ್ವಾ? ಮತ್ತೆ ಎಂತಕ್ಕೆ ಎರಡು ರೇಟು?"

ಆ ಪ್ರಶ್ನೆ ಅವತ್ತಿನಿಂದ ನನ್ನ ಜೊತೆಗೇ ಇದೆ. ಆರೋಗ್ಯ ವಿಮೆ ತುಟ್ಟಿಯಾಯಿತು ಎಂದು ನಾವೆಲ್ಲ ಮಾತಾಡುತ್ತೇವೆ. ಟಿವಿಯಲ್ಲಿ, ಸಂಸತ್ತಿನಲ್ಲಿ, ಆಫೀಸಿನ ಊಟದ ಟೇಬಲ್ಲಿನಲ್ಲಿ ಪ್ರೀಮಿಯಂ ಬಗ್ಗೆ ಜಗಳ ಆಗುತ್ತದೆ. ಆದರೆ ಪ್ರೀಮಿಯಂ ಎಲ್ಲಿ ಹುಟ್ಟುತ್ತದೆ ಎಂಬುದು ನನಗೆ ಗೊತ್ತಾಗಿದ್ದು ಆ ಕೌಂಟರಿನ ಮುಂದೆ. ಪಾಲಿಸಿ ಇರುವವರ ಬಿಲ್ಲು ದೊಡ್ಡದಾಗಿ ಹೋಗುತ್ತದೆ. ಕಂಪನಿ ಅದನ್ನು ಕಟ್ಟುತ್ತದೆ, ಇಲ್ಲವೇ ಅರ್ಧ ಕತ್ತರಿಸಿ ಕಟ್ಟುತ್ತದೆ. ಕಟ್ಟಿದ್ದನ್ನೆಲ್ಲ ಲೆಕ್ಕ ಹಾಕಿ ಮುಂದಿನ ವರ್ಷ ಪ್ರೀಮಿಯಂ ಏರಿಸುತ್ತದೆ. ಆ ಏರಿದ ಪ್ರೀಮಿಯಂ ಕಟ್ಟುವುದು ನಾನು. ವಿಮೆ ಇದ್ದರೆ ಆಸ್ಪತ್ರೆಯಲ್ಲಿ ಕೈಯಿಂದ ದುಡ್ಡು ಹೋಗುವುದಿಲ್ಲ ಎಂಬ ಸಮಾಧಾನ ಒಂದು ವರ್ಷದ ಮಟ್ಟಿಗೆ ಮಾತ್ರ.

18 ಪರ್ಸೆಂಟ್

ತೆರಿಗೆಯ ಜಗಳ ನಿಮಗೆಲ್ಲ ನೆನಪಿರಬಹುದು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಆರೋಗ್ಯ ವಿಮೆ 18 ಪರ್ಸೆಂಟಿನ ಸಾಲಿಗೆ ಸೇರಿತು. ಅದಕ್ಕೆ ಮುಂಚೆ ಸೇವಾ ತೆರಿಗೆ, ಸೆಸ್ಸು ಎಲ್ಲ ಸೇರಿ 15 ಇತ್ತು. ಏಳು ವರ್ಷ ಹೆಚ್ಚು ಗದ್ದಲವಿಲ್ಲದೆ ಕಟ್ಟಿದೆವು. 2024ರ ಜುಲೈನಲ್ಲಿ ನಿತಿನ್ ಗಡ್ಕರಿ ತಮ್ಮದೇ ಸರ್ಕಾರದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ ಪತ್ರ ಬರೆದು ಈ ತೆರಿಗೆ ತೆಗೆಯಿರಿ ಎಂದು ಕೇಳಿದರು. ನಾಗಪುರದ ಎಲ್‌ಐಸಿ ನೌಕರರ ಸಂಘ ಕೊಟ್ಟ ಮನವಿ ಅದರ ಹಿಂದಿತ್ತು. ಆಗಸ್ಟ್‌ನಲ್ಲಿ ವಿರೋಧ ಪಕ್ಷದ ಸಂಸದರು ಸಂಸತ್ತಿನ ಬಾಗಿಲಲ್ಲಿ ಫಲಕ ಹಿಡಿದು ನಿಂತರು. ಜಿಎಸ್‌ಟಿಗೆ ಮುಂಚೆಯೂ ತೆರಿಗೆ ಇತ್ತಲ್ಲ, ಈಗ ಬರುವ ದುಡ್ಡಿನಲ್ಲಿ ರಾಜ್ಯಗಳಿಗೂ ಪಾಲಿದೆಯಲ್ಲ ಎಂದು ಸಚಿವೆ ಉತ್ತರ ಕೊಟ್ಟರು. 2023-24ರಲ್ಲಿ ಆರೋಗ್ಯ ವಿಮೆ ಒಂದರಿಂದಲೇ 8,262 ಕೋಟಿ ರೂಪಾಯಿ ಜಿಎಸ್‌ಟಿ ಬಂದಿತ್ತು. ಅಷ್ಟು ದುಡ್ಡನ್ನು ಕೇಂದ್ರವಾಗಲಿ ರಾಜ್ಯಗಳಾಗಲಿ ಸುಲಭವಾಗಿ ಬಿಡುವುದಿಲ್ಲ ಎಂದುಕೊಂಡಿದ್ದೆ. ಆದರೆ ಬಿಟ್ಟರು. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ನಿರ್ಧಾರ ಮಾಡಿತು. ಸೆಪ್ಟೆಂಬರ್ 22ರಿಂದ, ಅಂದರೆ ನವರಾತ್ರಿಯ ಮೊದಲ ದಿನದಿಂದ, ವೈಯಕ್ತಿಕ ಮತ್ತು ಕುಟುಂಬದ ಪಾಲಿಸಿಗಳಿಗೆ ತೆರಿಗೆ ಸೊನ್ನೆ. ಕಂಪನಿಗಳು ನೌಕರರಿಗೆ ಮಾಡಿಸುವ ಗ್ರೂಪ್ ಪಾಲಿಸಿಗೆ ಈ ವಿನಾಯಿತಿ ಸಿಗಲಿಲ್ಲ.

ನನಗೆ ಖುಷಿಯಾಗಿತ್ತು, ಈಗಲೂ ಆ ನಿರ್ಧಾರ ಸರಿ ಎಂದೇ ಹೇಳುತ್ತೇನೆ. ಕಾಯಿಲೆಯ ಭಯಕ್ಕೆ ದುಡ್ಡು ಎತ್ತಿಡುವವರಿಂದ ತೆರಿಗೆ ತೆಗೆದುಕೊಳ್ಳುವುದು ನ್ಯಾಯವಲ್ಲ. ಆದರೆ ನವೆಂಬರಿನಲ್ಲಿ ಅಪ್ಪ ಅಮ್ಮನ ಪಾಲಿಸಿಯ ನವೀಕರಣದ ಮೆಸೇಜು ಬಂದಾಗ ಕೂತು ಲೆಕ್ಕ ಹಾಕಿದೆ. ಹಿಂದಿನ ವರ್ಷ ಮೂಲ ಪ್ರೀಮಿಯಂ 52,000. ಅದರ ಮೇಲೆ ತೆರಿಗೆ 9,360. ಒಟ್ಟು 61,360 ಕಟ್ಟಿದ್ದೆ. ಈ ಸಲ ತೆರಿಗೆ ಇಲ್ಲ, ಆದರೆ ಮೂಲ ಪ್ರೀಮಿಯಂ 57,200 ಆಗಿದೆ. ಸರಿಯಾಗಿ 10 ಪರ್ಸೆಂಟ್ ಏರಿಕೆ. 60 ದಾಟಿದವರಿಗೆ ಒಂದು ವರ್ಷದಲ್ಲಿ 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಮೊದಲು ತನ್ನನ್ನು ಕೇಳಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿಯಲ್ಲಿ ಹೇಳಿದೆ. ಹಾಗಾಗಿ ಕೇಳದೆ ಏರಿಸಬಹುದಾದಷ್ಟನ್ನು ಪೂರ್ತಿ ಏರಿಸಿದ್ದಾರೆ. ಮುಂದಿನ ವರ್ಷವೂ ಇಷ್ಟೇ ಏರಿದರೆ 62,920. ತೆರಿಗೆ ಇದ್ದಾಗ ಕಟ್ಟುತ್ತಿದ್ದದ್ದಕ್ಕಿಂತ ಜಾಸ್ತಿ. ಅಷ್ಟು ವರ್ಷದ ಬೇಡಿಕೆ, ಆ ಪತ್ರ, ಆ ಪ್ರತಿಭಟನೆ ಎಲ್ಲ ಸೇರಿ ನಮ್ಮ ಮನೆಗೆ ತಂದುಕೊಟ್ಟ ಉಪಶಮನ ಎರಡೇ ವರ್ಷದಲ್ಲಿ ಕರಗುತ್ತದೆ. ಕಂಪನಿಯೊಂದನ್ನೇ ಬೈದು ಪ್ರಯೋಜನವಿಲ್ಲ. ಆಸ್ಪತ್ರೆಯ ಬಿಲ್ಲು ವರ್ಷ ವರ್ಷ ಏರುತ್ತಿದ್ದರೆ ಪ್ರೀಮಿಯಂ ಅದರ ಹಿಂದೆಯೇ ಓಡುತ್ತದೆ.

ಡಿಸ್ಚಾರ್ಜ್ ಡೆಸ್ಕ್

2022ರಲ್ಲಿ ಅಪ್ಪನಿಗೆ ಪಿತ್ತಕೋಶದ ಆಪರೇಷನ್ ಆಯಿತು. ಕರಾವಳಿಯ ಒಂದು ದೊಡ್ಡ ಖಾಸಗಿ ಆಸ್ಪತ್ರೆ. ನಾಲ್ಕನೇ ದಿನ ಬೆಳಗ್ಗೆ 11 ಗಂಟೆಗೆ ಡಾಕ್ಟರ್ ಬಂದು ಮನೆಗೆ ಹೋಗಬಹುದು ಎಂದರು. ಅಪ್ಪ ಆಗಲೇ ಪಂಚೆ ಬದಲಿಸಿ, ಅಂಗಿ ಹಾಕಿ, ಚೀಲ ಕಟ್ಟಿ ಮಂಚದ ತುದಿಗೆ ಕೂತರು. ನಾನು ಕೆಳಗೆ ಇನ್ಶೂರೆನ್ಸ್ ಡೆಸ್ಕಿಗೆ ಹೋದೆ. ಅಲ್ಲಿ ನನ್ನ ಹಾಗೆ ಇಪ್ಪತ್ತು ಜನ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಫೈಲು. ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು ಬಾಣಂತಿ ಮಗಳನ್ನು ಕರೆದುಕೊಂಡು ಹೋಗಲು ಕಾಯುತ್ತಿದ್ದರು. ಮಧ್ಯಾಹ್ನದ ಊಟ ಕೊಡಬಹುದಾ ಕೊಡಬಾರದಾ ಎಂದು ವಾರ್ಡಿನವರಿಗೂ ಗೊಂದಲ, ಯಾಕೆಂದರೆ ಅಪ್ಪ ದಾಖಲೆಯಲ್ಲಿ ಆಗಲೇ ಮನೆಗೆ ಹೋದವರು. ಕಂಪನಿಯಿಂದ ಪ್ರಶ್ನೆ ಬರುತ್ತದೆ, ಆಸ್ಪತ್ರೆ ಉತ್ತರ ಕಳಿಸುತ್ತದೆ, ಮತ್ತೆ ಪ್ರಶ್ನೆ. ಸಂಜೆ 7 ದಾಟಿದ ಮೇಲೆ ನನ್ನ ಹೆಸರು ಕೂಗಿದರು. 1,60,000ದ ಬಿಲ್ಲಿನಲ್ಲಿ 40,000 ನೀವು ಕಟ್ಟಬೇಕು ಎಂದರು.

ಯಾಕೆ ಎಂದು ಅರ್ಥವಾಗಲು ನನಗೆ ಅರ್ಧ ಗಂಟೆ ಬೇಕಾಯಿತು. ಇದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಪಾಲಿಸಿ ಕೊಳ್ಳುವಾಗ ನನಗೆ ಯಾರೂ ಹೇಳಿರಲಿಲ್ಲ. ಅಪ್ಪನ ಪಾಲಿಸಿ 3 ಲಕ್ಷದ್ದು. ರೂಮಿನ ಬಾಡಿಗೆಗೆ ಕಂಪನಿ ಕೊಡುವುದು ಅದರ 1 ಪರ್ಸೆಂಟ್ ಮಾತ್ರ, ಅಂದರೆ ದಿನಕ್ಕೆ 3,000. ನಾವು ಹೋದ ದಿನ ಆ ದರದ ರೂಮು ಖಾಲಿ ಇರಲಿಲ್ಲ. 5,000ದ ರೂಮು ತಗೊಂಡೆವು. ದಿನಕ್ಕೆ 2,000 ಕೈಯಿಂದ ಹೋಗುತ್ತದೆ, ಹೋಗಲಿ ಎಂದುಕೊಂಡಿದ್ದೆ. ಹಾಗಲ್ಲ. 5ರಲ್ಲಿ 3 ಮಾತ್ರ ನಿಮ್ಮ ಅರ್ಹತೆ, ಹಾಗಾಗಿ ಸರ್ಜನ್ ಫೀಸು, ಥಿಯೇಟರ್ ಬಾಡಿಗೆ, ನರ್ಸಿಂಗ್ ಎಲ್ಲದರಲ್ಲೂ 5ರಲ್ಲಿ 3 ಪಾಲು ಮಾತ್ರ ಕೊಡುತ್ತಾರೆ. ಔಷಧ, ಪರೀಕ್ಷೆ, ದೇಹದೊಳಗೆ ಇಡುವ ಸಾಮಗ್ರಿಗಳಿಗೆ ಹೀಗೆ ಕತ್ತರಿಸಬಾರದು ಎಂದು ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದೆ. ಹಾಗಾಗಿ ಅಂಥ ಖರ್ಚಿನ 60,000 ಕತ್ತರಿಯಿಂದ ಪಾರಾಯಿತು. ಉಳಿದ 1 ಲಕ್ಷದಲ್ಲಿ 40,000 ಹೋಯಿತು. ರೂಮು ನೋಡಿ ಹೀಗೆ ಕತ್ತರಿಸುವ ನಿಯಮ ಬಂದದ್ದಕ್ಕೂ ಒಂದು ಕಾರಣವಿದೆ. ನಮ್ಮ ಆಸ್ಪತ್ರೆಗಳಲ್ಲಿ ರೂಮು ದೊಡ್ಡದಾದರೆ ಸರ್ಜನ್ ಫೀಸೂ ದೊಡ್ಡದಾಗುತ್ತದೆ. ಹೊಟ್ಟೆಯೊಳಗಿನ ಪಿತ್ತಕೋಶಕ್ಕೆ ಮೇಲಿನ ಮಹಡಿಯ ಎಸಿಯ ಬಗ್ಗೆ ಏನು ಗೊತ್ತು? ಆಪರೇಷನ್ ಥಿಯೇಟರ್ ಎಲ್ಲರಿಗೂ ಒಂದೇ. ಬೆಲೆ ಮಾತ್ರ ರೂಮು ನೋಡಿ ಹುಟ್ಟುತ್ತದೆ.

ಕ್ಯಾಶ್‌ಲೆಸ್‌ಗೆ, ಅಂದರೆ ಆಸ್ಪತ್ರೆಗೆ ಕಂಪನಿಯೇ ನೇರವಾಗಿ ದುಡ್ಡು ಕಟ್ಟುವುದಕ್ಕೆ, ಒಂದು ಗಂಟೆಯಲ್ಲಿ, ಡಿಸ್ಚಾರ್ಜ್‌ಗೆ ಮೂರು ಗಂಟೆಯಲ್ಲಿ ಒಪ್ಪಿಗೆ ಕೊಡಬೇಕು, ತಡವಾಗಿ ಖರ್ಚು ಹೆಚ್ಚಿದರೆ ಅದನ್ನು ವಿಮಾ ಕಂಪನಿಯೇ ಭರಿಸಬೇಕು ಎಂದು 2024ರ ಮೇ ತಿಂಗಳಲ್ಲಿ ಪ್ರಾಧಿಕಾರ ಸುತ್ತೋಲೆ ಹೊರಡಿಸಿದೆ. ಒಳ್ಳೆಯದು. ದೂರು ಇದ್ದವರು ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಫೀಸಿಲ್ಲ, ವಕೀಲರೂ ಬೇಡ. ಇದನ್ನು ದಯವಿಟ್ಟು ನಿಮ್ಮ ಮನೆಯ ಹಿರಿಯರಿಗೆ ಹೇಳಿ. ಆದರೆ ಅಪ್ಪನ ವಿಷಯದಲ್ಲಿ ಯಾರೂ ನಿಯಮ ಮುರಿದಿರಲಿಲ್ಲ. ಎಲ್ಲವೂ ಪಾಲಿಸಿಯಲ್ಲಿ ಬರೆದ ಹಾಗೇ ನಡೆದಿತ್ತು. ಆಸ್ಪತ್ರೆ ತನಗೆ ಬೇಕಾದ ಬೆಲೆ ಹಾಕಿತು. ಕಂಪನಿ ತನಗೆ ಬೇಕಾದಷ್ಟು ಕತ್ತರಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವಂತೆ ಅವರಿಬ್ಬರ ಜಗಳದ ಬರೆ ಬಿದ್ದದ್ದು ಹೊಲಿಗೆಯ ನೋವಿನಲ್ಲಿ ಮಂಚದ ತುದಿಗೆ ಕೂತಿದ್ದ ಅಪ್ಪನಿಗೆ. ಬೆಲೆಯ ಚೌಕಾಸಿ ಆಗಬೇಕಾದ ಜಾಗ ಅದಲ್ಲ. ಅದು ಮೊದಲೇ, ರೋಗಿ ಇಲ್ಲದ ಕೋಣೆಯಲ್ಲಿ, ಅಧಿಕಾರ ಇರುವವರು ಕೂತು ಮುಗಿಸಬೇಕಾದ ಕೆಲಸ.

60 ರೂಪಾಯಿ

ಹಾಗೆ ಮೊದಲೇ ಮುಗಿಸಿದ ಒಂದು ಉದಾಹರಣೆ ನಮ್ಮ ಊರಲ್ಲೇ ಇತ್ತು. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಶುರುವಾದಾಗ ನಾನು ಶಾಲೆಯಲ್ಲಿದ್ದೆ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ. ಡಾ. ದೇವಿ ಶೆಟ್ಟಿ ಅವರ ಕಲ್ಪನೆ. ಸಹಕಾರಿ ಸಂಘದ ಸದಸ್ಯರಿಗೆ ತಲೆಗೆ ವರ್ಷಕ್ಕೆ 60 ರೂಪಾಯಿ. ತಿಂಗಳಿಗೆ 5 ರೂಪಾಯಿ ಬಿತ್ತು. ನಮ್ಮೂರ ಸೊಸೈಟಿಯ ಸೆಕ್ರೆಟರಿ ಗೊಬ್ಬರದ ಚೀಲಗಳ ಪಕ್ಕ ಮೇಜು ಹಾಕಿಕೊಂಡು ಕೂತಿದ್ದರು. ಅಪ್ಪ ನಾಲ್ಕು ಜನರ ದುಡ್ಡು, 240 ರೂಪಾಯಿ ಎಣಿಸಿ ಕೊಟ್ಟದ್ದು ನನಗೆ ನೆನಪಿದೆ. ಕಾಯಿಲೆ ಬರದಿದ್ದರೆ ದುಡ್ಡು ವಾಪಸ್ ಬರುತ್ತಾ ಎಂದು ಸಾಲಿನಲ್ಲಿ ಯಾರೋ ಕೇಳಿದರು. ಬರುವುದಿಲ್ಲ, ಆ ದುಡ್ಡು ಬೇರೆಯವರ ಆಪರೇಷನ್‌ಗೆ ಹೋಗುತ್ತದೆ ಎಂದು ಸೆಕ್ರೆಟರಿ ಹೇಳಿದರು. ವಿಮೆ ಎಂದರೆ ಏನು ಎಂದು ನಾನು ಕಲಿತದ್ದು ಅಲ್ಲಿಯೇ. ಮೊದಲ ವರ್ಷವೇ ರಾಜ್ಯದಲ್ಲಿ ಸುಮಾರು 16 ಲಕ್ಷ ಜನ ಸೇರಿದರು.

ಮರುವರ್ಷ ಪಕ್ಕದ ಮನೆಯ ಮಾವನಿಗೆ ಕಿಡ್ನಿಯಲ್ಲಿ ಕಲ್ಲಾಗಿ ಹುಬ್ಬಳ್ಳಿಗೆ ಹೋದರು. ಹೋಗುವಾಗ ಅವರ ಹೆಂಡತಿ ಬಂಗಾರದ ಬಳೆಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದರಂತೆ, ಅಡವಿಡಬೇಕಾದೀತು ಎಂದು. ವಾಪಸ್ ಬಂದಾಗ ಬಳೆ ಕೈಯಲ್ಲೇ ಇತ್ತು. ನಮ್ಮ ಜಗಲಿಯ ಮೇಲೆ ಕೂತು ಆ ಬಳೆ ತೋರಿಸುತ್ತ ಅವರು ಅತ್ತರು. ಆಗ ಎಲ್ಲರೂ 60 ರೂಪಾಯಿಯ ಬಗ್ಗೆಯೇ ಮಾತಾಡಿದರು. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ದೊಡ್ಡ ಆಪರೇಷನ್ನಾ ಎಂದು. ಈಗ ಯೋಚಿಸಿದರೆ ಯಶಸ್ವಿನಿಯ ನಿಜವಾದ ಬಲ ಬೇರೆ ಕಡೆ ಇತ್ತು ಅನಿಸುತ್ತದೆ. ಯಾವ ಆಪರೇಷನ್‌ಗೆ ಎಷ್ಟು ಎಂದು ಆಸ್ಪತ್ರೆಗಳ ಜೊತೆ ಮೊದಲೇ ಒಪ್ಪಂದ ಆಗಿತ್ತು. ಪಟ್ಟಿ ಇತ್ತು, ದರ ಇತ್ತು. ಲಕ್ಷಾಂತರ ಜನ ಒಟ್ಟಿಗೆ ನಿಂತು ಬೆಲೆ ಕೇಳಿದಾಗ ಸಿಗುವ ಬೆಲೆಯೇ ಬೇರೆ. ಆ ಬೆಲೆ ನಿಂತಿದ್ದರಿಂದ 60 ರೂಪಾಯಿ ಸಾಕಾಯಿತು. ಸರ್ಕಾರದ ಅನುದಾನವೂ ಸೇರಿತ್ತು, ಅದನ್ನು ಮರೆಯಬಾರದು. ಆದರೆ ಬೆಲೆಗೆ ಕಡಿವಾಣ ಇಲ್ಲದಿದ್ದರೆ ಯಾವ ಅನುದಾನವೂ ಸಾಕಾಗುತ್ತಿರಲಿಲ್ಲ.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕ ಎಂಬ ಯೋಜನೆಯೊಳಗೆ ಸೇರಿಸಿ ನಿಲ್ಲಿಸಿದರು. ಅದೇ ವರ್ಷದ ಕೊನೆಗೆ ಆಯುಷ್ಮಾನ್ ಭಾರತವೂ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ನಮ್ಮ ಹಾಗೆ ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಎರಡು ಎಕರೆ ತೋಟ ಇರುವ ಅಪ್ಪ ಬಡವರೂ ಅಲ್ಲ, ಆಸ್ಪತ್ರೆಗೆ ಒಮ್ಮೆ ಹೋದರೆ ತಡೆದುಕೊಳ್ಳುವಷ್ಟು ಇರುವವರೂ ಅಲ್ಲ. ಆ ಭಯದಲ್ಲೇ ನಾನು ಅವರಿಬ್ಬರಿಗೆ ಖಾಸಗಿ ಪಾಲಿಸಿ ಕೊಂಡೆ. ಯಶಸ್ವಿನಿ 2022ರ ಕೊನೆಗೆ ಮರಳಿ ಬಂತು, ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ. ಅಷ್ಟರಲ್ಲಿ ಅಪ್ಪ ಸೊಸೈಟಿಯ ಸದಸ್ಯತ್ವವನ್ನು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟಾಗಿತ್ತು.

ಬೆಳಗಾವಿ, 2017

ಬೆಲೆಯ ಪ್ರಶ್ನೆಯನ್ನು ಕರ್ನಾಟಕ ಒಮ್ಮೆ ನೇರವಾಗಿ ಕೈಗೆತ್ತಿಕೊಂಡಿತ್ತು. 2017ರಲ್ಲಿ ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದರು. ಕೆಪಿಎಂಇ ಎಂದು ಎಲ್ಲರ ಬಾಯಲ್ಲಿ ಬಂದದ್ದು ಅದೇ. ಯಾವ ದರ್ಜೆಯ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ಎಷ್ಟು ಎಂದು ಸರ್ಕಾರ ನಿಗದಿ ಮಾಡಬಹುದು ಎಂಬುದು ಅದರ ತಿರುಳು. ತಪ್ಪಿದರೆ ಜೈಲು ಎಂಬ ಮಾತೂ ಇತ್ತು. ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಬೆಳಗಾವಿ ಅಧಿವೇಶನ ನಡೆಯುತ್ತಿತ್ತು. ಊರೂರಿನಲ್ಲಿ ಹೊರರೋಗಿ ವಿಭಾಗ ಮುಚ್ಚಿತು. ಹೈಕೋರ್ಟ್ ಮಧ್ಯೆ ಬಂದು ಮುಷ್ಕರ ಬಿಡಿ ಎಂದಿತು. ಕೊನೆಗೆ ಮಸೂದೆ ಪಾಸಾಯಿತು, ಆದರೆ ದರ ನಿಗದಿ ಸರ್ಕಾರಿ ಯೋಜನೆಗಳ ಚಿಕಿತ್ಸೆಗೆ ಮಾತ್ರ ಉಳಿಯಿತು. ಬಿಲ್ಲು ಬಾಕಿ ಇದ್ದರೂ ಶವವನ್ನು ಮನೆಯವರಿಗೆ ಕೊಡಬೇಕು ಎಂಬಂಥ ಒಳ್ಳೆಯ ಅಂಶಗಳು ಉಳಿದವು. ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂಬುದಂತೂ 2007ರ ಮೂಲ ಕಾಯ್ದೆಯಿಂದಲೂ ಇದೆ. ಅಮ್ಮನ ಕಣ್ಣಾಸ್ಪತ್ರೆಯಲ್ಲಿ ನಾನು ಆ ಪಟ್ಟಿ ಹುಡುಕಿದೆ. ಕಾಣಲಿಲ್ಲ.

ನನ್ನ ಜೊತೆ ಓದಿದ ಗೆಳತಿಯೊಬ್ಬಳು ಡಾಕ್ಟರ್. ಘಟ್ಟದ ಮೇಲೆ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುತ್ತಾಳೆ. ಆ ಮುಷ್ಕರದಲ್ಲಿ ಅವಳೂ ಇದ್ದಳು. ಈ ವಿಷಯದಲ್ಲಿ ನಾವು ಎಷ್ಟೋ ಸಲ ವಾದ ಮಾಡಿದ್ದೇವೆ. ಅವಳ ಮಾತನ್ನು ನಾನು ತಳ್ಳಿಹಾಕಲಾರೆ. ಸರ್ಕಾರ ಒಮ್ಮೆ ದರ ಬರೆದರೆ ವರ್ಷಗಟ್ಟಲೆ ಅದನ್ನು ಮುಟ್ಟುವುದಿಲ್ಲ. ಯೋಜನೆಯ ದುಡ್ಡು ತಿಂಗಳುಗಟ್ಟಲೆ ಬರುವುದಿಲ್ಲ. ನರ್ಸ್‌ಗಳ ಸಂಬಳ, ಜನರೇಟರಿನ ಡೀಸೆಲ್ಲು ಕಾಯುವುದಿಲ್ಲ. ದೊಡ್ಡ ಕಾರ್ಪೊರೇಟ್ ಆಸ್ಪತ್ರೆ ಇದನ್ನೆಲ್ಲ ತಾಳಿಕೊಳ್ಳುತ್ತದೆ, ನಾನು ಬಾಗಿಲು ಮುಚ್ಚುತ್ತೇನೆ ಎನ್ನುತ್ತಾಳೆ. ಅವಳು ಹೇಳುವುದು ನಿಜ. ಆದರೆ ಅದು ದರ ನಿಗದಿ ಬೇಡ ಎನ್ನಲು ಕಾರಣ ಎಂದು ನನಗೆ ಅನಿಸುವುದಿಲ್ಲ. ದರವನ್ನು ಪ್ರತಿ ವರ್ಷ ತಿದ್ದಬೇಕು, ಸಣ್ಣ ಆಸ್ಪತ್ರೆಯ ಖರ್ಚನ್ನು ಸಣ್ಣ ಆಸ್ಪತ್ರೆಯವರಿಂದಲೇ ಕೇಳಿ ಬರೆಯಬೇಕು, ದುಡ್ಡನ್ನು ವಾಯಿದೆಯೊಳಗೆ ಕೊಡಬೇಕು ಎನ್ನಲು ಕಾರಣ. 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟ್‌ಗೆ ಕೇಂದ್ರ ಮಿತಿ ಹಾಕಿತು. ಲಕ್ಷ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟ್ ಸುಮಾರು 30 ಸಾವಿರಕ್ಕೆ ಇಳಿಯಿತು. ಮನಸ್ಸು ಮಾಡಿದರೆ ಬೆಲೆಯನ್ನು ಕಟ್ಟಿಹಾಕಬಹುದು ಎಂಬುದಕ್ಕೆ ಅದೊಂದು ಸಾಕ್ಷಿ ಸಾಕು.

2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇದೇ ಪ್ರಶ್ನೆ ಬಂದಿತ್ತು. ಆಗ ಅರ್ಜಿದಾರರು ಕೊಟ್ಟ ಉದಾಹರಣೆಯೂ ಕಣ್ಣಿನ ಪೊರೆಯೇ. ಸರ್ಕಾರಿ ವ್ಯವಸ್ಥೆಯಲ್ಲಿ 10 ಸಾವಿರದೊಳಗೆ ಆಗುವ ಆಪರೇಷನ್‌ಗೆ ಖಾಸಗಿಯಲ್ಲಿ 30 ಸಾವಿರದಿಂದ 1,40,000ದವರೆಗೆ. ಅದನ್ನು ಓದಿದ ದಿನ ಪತ್ರಿಕೆಯ ಸುದ್ದಿ ಎಂದು ಪುಟ ತಿರುಗಿಸಿದ್ದೆ. ಅಮ್ಮನ ಚೀಟಿ ಕೈಯಲ್ಲಿ ಹಿಡಿದಾಗ ಅದು ನೆನಪಾಯಿತು. ದರ ನಿಗದಿ ಮಾಡಿ ಎಂದು ಕೇಂದ್ರಕ್ಕೆ ಕೋರ್ಟ್ ಹೇಳಿದ್ದು 2010ರ ಕೇಂದ್ರ ಕಾಯ್ದೆಯ ಅಡಿಯಲ್ಲಿ. ಕರ್ನಾಟಕಕ್ಕೆ ತನ್ನದೇ ಕಾಯ್ದೆ ಇದೆ. ಅಂದರೆ ನಮ್ಮ ಬೆಲೆಯ ಪ್ರಶ್ನೆಗೆ ಉತ್ತರ ಬರೆಯಬೇಕಾದದ್ದು ನಮ್ಮ ವಿಧಾನಸಭೆಯೇ.

ಕಾರ್ಡು ಇದೆ, ಆಸ್ಪತ್ರೆ ಎಲ್ಲಿ

ಉತ್ತರ ಕನ್ನಡದವಳಾಗಿ ಇದೊಂದು ಹೇಳದೆ ಇರಲಾರೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ನಲ್ಲಿ ಮಳೆಯ ರಸ್ತೆಯಲ್ಲಿ ಜಾರಿ ಅಪ್ಪಳಿಸಿತು. ನಾಲ್ಕು ಜನ ಸತ್ತರು. ಆ ವಿಡಿಯೋ ನೋಡದವರು ನಮ್ಮ ಜಿಲ್ಲೆಯಲ್ಲಿ ಇಲ್ಲ. ನನಗೆ ಅದನ್ನು ಎರಡನೇ ಸಲ ನೋಡಲು ಆಗಲಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಅದಕ್ಕೆ ಮೂರು ವರ್ಷ ಮುಂಚೆಯೇ ಜನ ಕೂಗಿದ್ದರು. ನಮ್ಮ ಕಡೆ ತಲೆಗೆ ಪೆಟ್ಟಾದರೆ, ಎದೆ ಹಿಡಿದುಕೊಂಡರೆ ಮಣಿಪಾಲಕ್ಕೋ, ಮಂಗಳೂರಿಗೋ, ಹುಬ್ಬಳ್ಳಿಗೋ, ಗೋವಾಕ್ಕೋ ಓಡಬೇಕು. ಜೇಬಿನಲ್ಲಿ 5 ಲಕ್ಷದ ಕಾರ್ಡು ಇದ್ದರೂ ಅದು ಕೆಲಸ ಮಾಡುವ ಜಾಗ ನೂರು ಕಿಲೋಮೀಟರ್ ಆಚೆ. ಸರ್ಕಾರದ ಆರೋಗ್ಯ ಖರ್ಚು 2025ರ ಹೊತ್ತಿಗೆ ದೇಶದ ಜಿಡಿಪಿಯ 2.5 ಪರ್ಸೆಂಟ್ ಆಗಬೇಕು ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆದಿತ್ತು. 2021-22ರಲ್ಲಿ ಅದು 1.84 ಇತ್ತು, ಅದೂ ಕೋವಿಡ್ ವರ್ಷ. ಜನ ತಮ್ಮ ಜೇಬಿನಿಂದ ಕೊಡುವ ಪಾಲು 64ರಿಂದ 39 ಪರ್ಸೆಂಟಿಗೆ ಇಳಿದಿದೆ ಎಂದು ಸರ್ಕಾರದ ಲೆಕ್ಕ ಹೇಳುತ್ತದೆ. ಇಳಿದದ್ದು ಒಳ್ಳೆಯದೇ. ಆದರೆ ಹೊನ್ನಾವರದಿಂದ ಹೊರಟ ಆ ಆಂಬುಲೆನ್ಸಿನ ಡೀಸೆಲ್ಲು, ಆ ದಾರಿ, ಆ ಜೀವಗಳು ಯಾವ ಲೆಕ್ಕದಲ್ಲಿ ಬರುತ್ತವೆ?

ಊರಲ್ಲೇ ಒಂದು ಒಳ್ಳೆಯ ಸರ್ಕಾರಿ ಆಸ್ಪತ್ರೆ ಇದ್ದರೆ ಖಾಸಗಿಯವರ ಬೆಲೆಯೂ ತಾನಾಗಿ ತಗ್ಗುತ್ತದೆ ಎಂದು ಅಪ್ಪ ಹೇಳುತ್ತಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯನ್ನು ಅವರು ಯಾವಾಗಲೂ ಉದಾಹರಣೆ ಕೊಡುತ್ತಾರೆ. ಮೊದಲು ಚಿಕಿತ್ಸೆ, ಆಮೇಲೆ ದುಡ್ಡು ಎಂದು ಡಾ. ಸಿ.ಎನ್. ಮಂಜುನಾಥ್ ಅಲ್ಲಿ ನಡೆಸಿಕೊಂಡು ಬಂದದ್ದನ್ನು ಅವರು ದೇವರ ಕೆಲಸದ ಹಾಗೆ ನೆನೆಯುತ್ತಾರೆ. ಅಂಥದ್ದೊಂದು ಕಾರವಾರ ಕುಮಟಾದ ನಡುವೆ ಎಲ್ಲಾದರೂ ಇರಲಿ ಎಂಬುದು ಅವರ ಆಸೆ.

ಅಮ್ಮನ ಬಲಗಣ್ಣು ಈಗ ಚೆನ್ನಾಗಿದೆ. ಆವತ್ತು ನಾವು ಕ್ಯಾಶ್ ಕಟ್ಟಿದೆವು. ಪಾಲಿಸಿ ಇದ್ದರೂ ಕಟ್ಟಿದೆವು, ಅಮ್ಮ ಕೇಳಲಿಲ್ಲ. ನನ್ನ ಒಂದು ಕಣ್ಣಿಗೆ 16 ಸಾವಿರ ಸುಮ್ನೆ ಯಾಕೆ ಜಾಸ್ತಿ ಹೋಗಬೇಕು, ಯಾರ ದುಡ್ಡಾದರೇನು ಎಂದಳು. ಈ ತಿಂಗಳು ಎಡಗಣ್ಣಿನ ಸರದಿ. ಕಳೆದ ವಾರ ನಾಲ್ಕು ಆಸ್ಪತ್ರೆಗೆ ಫೋನ್ ಮಾಡಿ ಒಂದೇ ಮಾತು ಕೇಳಿದೆ, ಪೊರೆ ಆಪರೇಷನ್‌ಗೆ ಎಷ್ಟಾಗುತ್ತೆ ಎಂದು. ಮೂರು ಕಡೆ ಅದೇ ಪ್ರಶ್ನೆ ವಾಪಸ್ ಬಂತು. ನಾಲ್ಕನೆಯದು ಒಂದು ಟ್ರಸ್ಟ್ ನಡೆಸುವ ಹಳೆಯ ಆಸ್ಪತ್ರೆ. ಫೋನ್ ಎತ್ತಿದವರು ಬೇರೇನೂ ಕೇಳದೆ ನಾಲ್ಕು ಬಗೆಯ ಲೆನ್ಸಿನ ಹೆಸರು ಮತ್ತು ದರ ಓದಿದರು. ಯಾರಿಗಾದರೂ ಇದೇ ರೇಟಾ ಎಂದು ಕೇಳಿದೆ. "ಗೋಡೆ ಮೇಲೆ ಬರ್ದಿದೆ ಅಮ್ಮಾ, ಬಂದು ನೋಡಿ" ಎಂದರು. ಮಂಗಳವಾರಕ್ಕೆ ಹೆಸರು ಬರೆಸಿದ್ದೇನೆ. ಅಮ್ಮ ಸೋಮವಾರ ರಾತ್ರಿ ಬಸ್ಸು ಹತ್ತುತ್ತಾಳೆ.